ಜನವರಿಯಲ್ಲಿ ಗಟ್ಟಿ ಇದ್ದ 4.9 ಗಿಗಾಹರ್ಟ್ಜ್ ಓವರ್‌ಕ್ಲಾಕ್, ಏಪ್ರಿಲ್‌ನಲ್ಲಿ ಯಾಕೆ ಬೀಳ್ತಿದೆ? ಎಷ್ಟು ವೋಲ್ಟ್ ಇಡಬೇಕು?

ಕಲಬುರಗಿ_ಎಡಿಟರ್ · ಭಾನುವಾರ ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ಮದುವೆ ವಿಡಿಯೋ ಎಡಿಟಿಂಗ್ ನನ್ನ ಕೆಲಸ. ಮನೆಯ ಮೇಲಿನ ರೂಮಿನಲ್ಲೇ ಮಾಡುತ್ತೇನೆ. ಮಷೀನ್ 2018ರಲ್ಲಿ ತಗೊಂಡಿದ್ದು. ಐ5-8600ಕೆ ಪ್ರೊಸೆಸರ್, ಝಡ್370 ಬೋರ್ಡ್, 16 ಜಿಬಿ ಡಿಡಿಆರ್4 3200 ರ‍್ಯಾಮ್, ಎರಡು ಟವರ್‌ನ ಏರ್ ಕೂಲರ್.

ಜನವರಿಯಲ್ಲಿ ಪ್ರೊಸೆಸರ್ ಚಿಪ್ ಓವರ್‌ಕ್ಲಾಕ್ ಮಾಡಿ, ಅಂದರೆ ಕಂಪನಿ ಇಟ್ಟ ವೇಗಕ್ಕಿಂತ ಮೇಲೆ, 4.9 ಗಿಗಾಹರ್ಟ್ಜ್‌ಗೆ ಏರಿಸಿದೆ. ಬಯೋಸ್‌ನಲ್ಲಿ (ಬೋರ್ಡ್‌ನ ಸೆಟ್ಟಿಂಗ್ ಮೆನು) ಕೋರ್ ವೋಲ್ಟೇಜ್, ಅಂದರೆ ಚಿಪ್‌ಗೆ ಕೊಡುವ ವೋಲ್ಟೇಜ್, 1.32 ಫಿಕ್ಸ್ ಮಾಡಿದೆ. ಒಂದು ಗಂಟೆ ಸ್ಟ್ರೆಸ್ ಟೆಸ್ಟ್ ಪಾಸ್ ಆಯಿತು. ಫೆಬ್ರವರಿ, ಮಾರ್ಚ್ ಪೂರ್ತಿ ಒಂದೇ ಒಂದು ತೊಂದರೆ ಇಲ್ಲ. ಈಗ ಏಪ್ರಿಲ್‌ನಲ್ಲಿ ಎರಡು ವಾರದಿಂದ ನೀಲಿ ಸ್ಕ್ರೀನ್ ಬರ್ತಿದೆ, "ಕ್ಲಾಕ್ ವಾಚ್‌ಡಾಗ್ ಟೈಮ್‌ಔಟ್" ಅಂತ. ಮೊನ್ನೆ ರಾತ್ರಿ ಮೂರು ಗಂಟೆಯ ರೆಂಡರ್ (ಎಡಿಟ್ ಮಾಡಿದ್ದನ್ನು ವಿಡಿಯೋ ಫೈಲ್ ಮಾಡುವ ಕೆಲಸ) ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ರೀಸ್ಟಾರ್ಟ್ ಆಗಿ ಪಾಸ್‌ವರ್ಡ್ ಕೇಳುತ್ತಿದೆ. ಫೈಲ್ 83%ಕ್ಕೆ ನಿಂತಿದೆ. ಹುಡುಗಿಯ ಮನೆಯವರು ಹನ್ನೊಂದು ಗಂಟೆಗೆ ಪೆನ್‌ಡ್ರೈವ್ ತಗೊಂಡು ಬಂದೇಬಿಟ್ಟರು.

ವೋಲ್ಟೇಜ್ ಇನ್ನೂ ಏರಿಸಬೇಕಾ? ಏರಿಸಿದರೆ ಎಲ್ಲಿಯವರೆಗೆ? ದಿನಾ ಹತ್ತು ಗಂಟೆ ಓಡುವ ಮಷೀನ್ ಇದು.

ಜೇವರ್ಗಿ_ರೋಡ್

1.38 ಕೊಡು, ಮುಗೀತು. ನನ್ನ ಹಳೆ 8600ಕೆ 1.38ರಲ್ಲಿ 5.0 ಓಡುತ್ತಿತ್ತು.

ಸೇಡಂ_ಸಿಲಿಕಾನ್

ತಡೀರಿ, ತಡೀರಿ. ಸುಮ್ನೆ ಬೇರೆಯವರ ನಂಬರ್ ಹಾಕಬೇಡಿ. ಒಂದೇ ಮಾಡೆಲ್ ಆದರೂ ಒಂದು ಚಿಪ್ 1.26ಕ್ಕೆ ಓಡುವಲ್ಲಿ ಇನ್ನೊಂದು 1.36 ಕೇಳುತ್ತದೆ. ಮೊದಲು ನಾಲ್ಕು ವಿಷಯ ಹೇಳಿ. ರೆಂಡರ್ ನಡೆಯುವಾಗ ಸೆನ್ಸರ್ ಓದುವ ಹೆಚ್‌ಡಬ್ಲ್ಯುಇನ್ಫೋ ಸಾಫ್ಟ್‌ವೇರ್‌ನಲ್ಲಿ ವಿಕೋರ್, ಅಂದರೆ ಚಿಪ್‌ಗೆ ನಿಜವಾಗಿ ಸಿಗುವ ವೋಲ್ಟೇಜ್, ಎಷ್ಟು ತೋರಿಸುತ್ತದೆ? ಚಿಪ್ ಎಷ್ಟು ಡಿಗ್ರಿ? ರೂಮ್ ಎಷ್ಟು ಡಿಗ್ರಿ? ಎಲ್‌ಎಲ್‌ಸಿ, ಅಂದರೆ ಲೋಡ್‌ಲೈನ್ ಕ್ಯಾಲಿಬ್ರೇಶನ್ (ಭಾರದ ಕೆಲಸದಲ್ಲಿ ವೋಲ್ಟೇಜ್ ಎಷ್ಟು ಕುಸಿಯಬೇಕು ಅಂತ ಹೇಳುವ ಸೆಟ್ಟಿಂಗ್), ಯಾವ ಮಟ್ಟದಲ್ಲಿದೆ?

ಬಯೋಸ್‌ನಲ್ಲಿ ಬರೆದ 1.32 ಅನ್ನೋದು ನೀವು ಕೇಳಿದ ವೋಲ್ಟೇಜ್. ಚಿಪ್‌ಗೆ ಸಿಗುವುದು ಬೇರೆ.

ತೊಗರಿ_ಹೊಲ

ಅಣ್ಣ, ನಿಮ್ಮ ಏರಿಯಾದಲ್ಲಿ ಕರೆಂಟ್ ಹೇಗಿದೆ? ನಮ್ಮ ಕಡೆ ಬೇಸಿಗೆ ಸಂಜೆ 180 ವೋಲ್ಟ್‌ಗೆ ಇಳಿಯುತ್ತದೆ. ಎಲ್ಲರ ಮನೆಯಲ್ಲೂ ಕೂಲರ್, ಎಸಿ. ಒಂದು ಸ್ಟೆಬಿಲೈಜರ್ ಹಾಕಿ ನೋಡಿ.

ಬೀದರ್_ಬಿದರಿ

ಮನೆ ವೋಲ್ಟೇಜ್ ಬೇರೆ, ಕೋರ್ ವೋಲ್ಟೇಜ್ ಬೇರೆ ಅಣ್ಣ. ಗೋಡೆಯಿಂದ ಬಂದಿದ್ದನ್ನು ಎಸ್‌ಎಂಪಿಎಸ್ (ಮಷೀನ್‌ನ ಪವರ್ ಸಪ್ಲೈ ಡಬ್ಬ) 12 ವೋಲ್ಟ್ ಡಿಸಿ ಮಾಡುತ್ತದೆ. ಆ 12ನ್ನು ಬೋರ್ಡ್ ಮೇಲಿನ ವಿಆರ್‌ಎಂ 1.2, 1.3ಕ್ಕೆ ಇಳಿಸಿ ಚಿಪ್‌ಗೆ ಕೊಡುತ್ತದೆ. ಒಳ್ಳೆಯ ಎಸ್‌ಎಂಪಿಎಸ್ ಆದರೆ 100ರಿಂದ 240 ವೋಲ್ಟ್‌ವರೆಗೆ ತಡೆದುಕೊಳ್ಳುತ್ತದೆ. ಲೇಬಲ್ ಮೇಲೇ ಬರೆದಿರುತ್ತದೆ. ಕರೆಂಟ್ ಕಾರಣ ಆಗಿದ್ದರೆ ಮಷೀನ್ ಧಪ್ ಅಂತ ಆಫ್ ಆಗುತ್ತಿತ್ತು. ಇವರಿಗೆ ನೀಲಿ ಸ್ಕ್ರೀನ್ ಬರೆದು ತೋರಿಸುವಷ್ಟು ಪ್ರಾಣ ಇದೆ ಅಲ್ವಾ?

ತೊಗರಿ_ಹೊಲ

ಲೇಬಲ್ ನೋಡಿದೆ. ನಮ್ಮದು 200-240 ಅಂತಿದೆ. ಹಾಗಾದರೆ ನನ್ನ ಮಷೀನ್ ಸಂಜೆ ಆಫ್ ಆಗುವುದಕ್ಕೆ ಇದೇ ಕಾರಣ ಇರಬಹುದು.

ಬೀದರ್_ಬಿದರಿ

ಇರಬಹುದು ಅಲ್ಲ, ಅದೇ ಇರಬೇಕು. ನಿಮಗೆ ಸ್ಟೆಬಿಲೈಜರ್ ಬೇಕು. ಎಡಿಟರ್ ಅಣ್ಣನಿಗೆ ಬೇಡ.

ಕಲಬುರಗಿ_ಎಡಿಟರ್ · ಸೋಮವಾರ ಬೆಳಿಗ್ಗೆ

ಸಿಲಿಕಾನ್ ಸರ್, ಈಗಷ್ಟೇ ನೋಡಿದೆ. ಬಯೋಸ್ 1.320. ರೆಂಡರ್ ಆಗುವಾಗ ವಿಕೋರ್ 1.264. ಚಿಪ್ 94 ಡಿಗ್ರಿ. ರೂಮ್ 36. ಎಲ್‌ಎಲ್‌ಸಿ ಆಟೋ. ಜನವರಿಯಲ್ಲಿ ಟೆಸ್ಟ್ ಮಾಡಿದಾಗ ರೂಮ್ 22 ಇತ್ತು, ಚಿಪ್ 79. ಆಗ ತೆಗೆದ ಸ್ಕ್ರೀನ್‌ಶಾಟ್ ಫೋನ್‌ನಲ್ಲಿದೆ.

ಮೇಲೆ ಸ್ಲ್ಯಾಬ್ ಅಷ್ಟೇ ಇರೋದು. ಹಗಲೆಲ್ಲ ಕಾಯ್ದು ರಾತ್ರಿ ಎರಡು ಗಂಟೆಗೂ ಗೋಡೆ ಮುಟ್ಟಿದರೆ ಬಿಸಿ.

ಜೇವರ್ಗಿ_ರೋಡ್

94 ಅಂದರೆ 100ಕ್ಕಿಂತ ಕಡಿಮೆ. ಆ ಚಿಪ್‌ನ ಮಿತಿ 100. ಬಿಸಿ ಕಾರಣ ಅಲ್ಲ. ವೋಲ್ಟೇಜ್ ಸಾಲುತ್ತಿಲ್ಲ ಅಷ್ಟೇ. ನಾನು ಹೇಳಿದ್ದು ಸರಿ.

ಸೇಡಂ_ಸಿಲಿಕಾನ್

ಅರ್ಧ ಸರಿ. ವೋಲ್ಟೇಜ್ ಸಾಲುತ್ತಿಲ್ಲ ಅನ್ನೋದು ನಿಜ. ಆದರೆ ಯಾಕೆ ಸಾಲುತ್ತಿಲ್ಲ ಅಂತ ನೋಡಬೇಕು.

100 ಡಿಗ್ರಿ ಅನ್ನೋದು ಚಿಪ್ ತನ್ನ ಜೀವ ಉಳಿಸಿಕೊಳ್ಳಲು ತಾನೇ ವೇಗ ಇಳಿಸುವ ಗಡಿ. 99ರವರೆಗೆ ಎಲ್ಲ ಸುಖ ಅಂತ ಅದರ ಅರ್ಥ ಅಲ್ಲ. ಚಿಪ್ ಬಿಸಿ ಆದಷ್ಟೂ ಸೋರುವ ಕರೆಂಟ್ ಜಾಸ್ತಿ. ಕರೆಂಟ್ ಜಾಸ್ತಿ ಆದರೆ ಲೋಡ್‌ನಲ್ಲಿ ವೋಲ್ಟೇಜ್ ಇನ್ನಷ್ಟು ಕುಸಿಯುತ್ತದೆ. ಈ ಮಟ್ಟದ ವೋಲ್ಟೇಜ್‌ನಲ್ಲಿ ಬಿಸಿ ಟ್ರಾನ್ಸಿಸ್ಟರ್ ತುಸು ನಿಧಾನವೂ ಆಗುತ್ತದೆ. 79 ಡಿಗ್ರಿಯಲ್ಲಿ 4.9ಕ್ಕೆ ಸಾಕಾದ ವೋಲ್ಟೇಜ್ 94ರಲ್ಲಿ ಸಾಲುವುದಿಲ್ಲ. ಜನವರಿಯಲ್ಲಿ ನೀವು ದಡದ ತುದಿಯಲ್ಲೇ ನಿಂತಿದ್ದಿರಿ. ರೂಮ್ ಹದಿನಾಲ್ಕು ಡಿಗ್ರಿ ಏರಿದ್ದೇ ತಡ, ಕಾಲು ಜಾರಿತು.

ಈಗ ಲೆಕ್ಕ ನೋಡಿ. ಚಿಪ್ ಉಣ್ಣುವ ವಿದ್ಯುತ್ ಸುಮಾರಾಗಿ ವೋಲ್ಟೇಜ್‌ನ ವರ್ಗ ಗುಣಿಸು ವೇಗ. ಲೋಡ್‌ನಲ್ಲಿ 1.264 ಇರೋದನ್ನು 1.32 ಮಾಡಿದರೆ ಬಿಸಿ 9% ಜಾಸ್ತಿ. ಈಗ ರೂಮಿಗಿಂತ 58 ಡಿಗ್ರಿ ಮೇಲಿದ್ದೀರಿ. ಅದರ 9% ಅಂದರೆ 5 ಡಿಗ್ರಿ. 94ಕ್ಕೆ 5 ಸೇರಿಸಿದರೆ 99. ಮೇ ತಿಂಗಳು ಇನ್ನೂ ಬಂದಿಲ್ಲ. 1.38ರ ಮಾತು ಬಿಟ್ಟೇ ಬಿಡಿ.

ಯಾದಗಿರಿ_ಗುಡ್ಡ

ನಮ್ಮ ಕಡೆ ಮೇ ತಿಂಗಳಲ್ಲಿ ಹೊರಗೆ 43 ದಾಟುತ್ತದೆ. ಬೆಂಗಳೂರಿನವರು ವಿಡಿಯೋದಲ್ಲಿ "ಸೇಫ್ ವೋಲ್ಟೇಜ್ 1.35" ಅಂತಾರೆ. ಅವರ ರೂಮ್ 25 ಇರುತ್ತದೆ. ಅದನ್ನು ಯಾರೂ ಹೇಳಲ್ಲ.

ಅಫಜಲಪುರ_07

ಡಿಲಿಡ್ ಮಾಡಿ! 8ನೇ ತಲೆಮಾರಿನಲ್ಲಿ ಮುಚ್ಚಳದ ಕೆಳಗೆ ಬೆಸುಗೆ ಇಲ್ಲ, ಬರೀ ಪೇಸ್ಟ್. ಮುಚ್ಚಳ ತೆಗೆದು ಲಿಕ್ವಿಡ್ ಮೆಟಲ್ ಹಾಕಿದರೆ ಹತ್ತು ಡಿಗ್ರಿಗೂ ಜಾಸ್ತಿ ಇಳಿಯುತ್ತದೆ. ಬ್ಲೇಡ್‌ನಲ್ಲೂ ಬರುತ್ತದೆ.

ಸೇಡಂ_ಸಿಲಿಕಾನ್

ಪೇಸ್ಟ್ ವಿಷಯ ನಿಜ. 9600ಕೆ, 9900ಕೆಗಳಲ್ಲಿ ಬೆಸುಗೆಗೆ ವಾಪಸ್ ಹೋದರು. ಆದರೆ ಮದುವೆ ಸೀಸನ್ ಮಧ್ಯದಲ್ಲಿ, ಅನ್ನ ಕೊಡುವ ಮಷೀನ್‌ನ ಚಿಪ್‌ಗೆ ಬ್ಲೇಡ್ ಹಾಕಿ ಅಂತ ಹೇಳಬೇಡ ತಮ್ಮಾ. ಕೈ ಒಂದು ಮಿಲಿಮೀಟರ್ ಜಾರಿದರೆ ಒಳಗಿನ ತಂತಿ ಹೋಗುತ್ತದೆ. ಲಿಕ್ವಿಡ್ ಮೆಟಲ್ ವಿದ್ಯುತ್ ಹರಿಸುತ್ತದೆ, ಚೆಲ್ಲಿದರೆ ಬೋರ್ಡೂ ಹೋಯಿತು.

ಹುಮನಾಬಾದ್_ಮೇಷ್ಟ್ರು

ಒಂದು ಮಾತು. ರ‍್ಯಾಮ್ ಎಕ್ಸ್‌ಎಂಪಿಯಲ್ಲಿ (ರ‍್ಯಾಮ್ ಅನ್ನು ಅದರ ಮೇಲೆ ಬರೆದ ವೇಗಕ್ಕೆ ಏರಿಸುವ ಪ್ರೊಫೈಲ್) ಓಡುತ್ತಿದೆಯೇ? 3200 ಅಂದರೆ 1.35 ವೋಲ್ಟ್‌ನ ಕಿಟ್ ಇರಬೇಕು. ಅದೂ ಓವರ್‌ಕ್ಲಾಕೇ. ಎಕ್ಸ್‌ಎಂಪಿ ಆನ್ ಮಾಡಿದ ತಕ್ಷಣ ಎಷ್ಟೋ ಬೋರ್ಡ್‌ಗಳು ವಿಸಿಸಿಐಒ, ವಿಸಿಸಿಎಸ್‌ಎ (ಚಿಪ್‌ನಲ್ಲಿ ರ‍್ಯಾಮ್ ನೋಡಿಕೊಳ್ಳುವ ಭಾಗದ ವೋಲ್ಟೇಜ್‌ಗಳು) ಎರಡನ್ನೂ ತಾವೇ ಏರಿಸಿಬಿಡುತ್ತವೆ. ನನ್ನ ಝಡ್370 ಬೋರ್ಡ್ ಆಟೋದಲ್ಲಿ ಎಸ್‌ಎ 1.28 ಕೊಟ್ಟಿತ್ತು. ಕೈಯಾರೆ 1.12 ಇಟ್ಟೆ, ಮೂರು ವರ್ಷದಿಂದ ಓಡುತ್ತಿದೆ. ಕೋರ್ ಮುಟ್ಟುವ ಮೊದಲು ಒಂದು ದಿನ ಎಕ್ಸ್‌ಎಂಪಿ ಆಫ್ ಮಾಡಿ ರೆಂಡರ್ ಹಾಕಿ. ಆಗಲೂ ಬಿದ್ದರೆ ರ‍್ಯಾಮ್ ಕಾರಣ ಅಲ್ಲ ಅಂತ ಗೊತ್ತಾಗುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿ ಹೋಯಿತು ಅಂತ ತಿಳಿಯುವುದಿಲ್ಲ.

ಕಲಬುರಗಿ_ಎಡಿಟರ್

ಮೇಷ್ಟ್ರೇ, ಇವತ್ತೇ ಮಾಡುತ್ತೇನೆ.

ಆಳಂದ_ಅಕ್ಕ

ನಂದು ಬೇರೆ ಕಥೆ, ಆದರೆ ಉಪಯೋಗ ಆಗಬಹುದು. ಎಎಂಡಿಯ ರೈಜನ್ 5 5600ಎಕ್ಸ್ ಚಿಪ್. ನಾನು ವೋಲ್ಟೇಜ್ ಏರಿಸಲಿಲ್ಲ, ಇಳಿಸಿದೆ. ಕರ್ವ್ ಆಪ್ಟಿಮೈಜರ್‌ನಲ್ಲಿ (ಪ್ರತಿ ಕೋರ್‌ನ ವೋಲ್ಟೇಜ್ ಬೇರೆ ಬೇರೆ ಇಳಿಸುವ ಸೆಟ್ಟಿಂಗ್) ಎಲ್ಲ ಕೋರ್‌ಗೂ ಮೈನಸ್ 30 ಹಾಕಿದೆ. ಸಿನಿಬೆಂಚ್ ಟೆಸ್ಟ್ ಅರ್ಧ ಗಂಟೆ ಪಾಸ್. ಸ್ಕೋರೂ ಏರಿತು. ಖುಷಿಯಾಗಿದ್ದೆ. ಆಮೇಲೆ ಏನಾಯಿತು ಅಂದರೆ, ಭಾರದ ಕೆಲಸದಲ್ಲಿ ಏನೂ ಆಗಲ್ಲ, ಸುಮ್ನೆ ವಚನ ಹಾಕಿಕೊಂಡು ಕೂತಾಗ ಮಷೀನ್ ರೀಸ್ಟಾರ್ಟ್! ಮೂರು ದಿನ ತಲೆ ಕೆಟ್ಟಿತು.

ಕೊನೆಗೆ ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದೆ. ಅಲ್ಲಿ ಹಾರ್ಡ್‌ವೇರ್ ಎರರ್ ಬರೆಯುವ ಡಬ್ಲ್ಯುಹೆಚ್‌ಇಎ-ಲಾಗರ್, ಈವೆಂಟ್ 18. ಒಳಗೆ ಎಪಿಐಸಿ ಐಡಿ (ಎರರ್ ಬಂದ ಥ್ರೆಡ್‌ನ ನಂಬರ್) 4 ಅಂತ ಇತ್ತು. ಈ ಚಿಪ್‌ನಲ್ಲಿ ಒಂದು ಕೋರ್‌ಗೆ ಎರಡು ಥ್ರೆಡ್. ಸೊನ್ನೆಯಿಂದ ಎಣಿಸಿದರೆ 4 ಅಂದರೆ ಕೋರ್ 2. ಅದು ನನ್ನ ಚಿಪ್‌ನ ಅತಿ ಒಳ್ಳೆಯ ಕೋರ್. ಒಂಟಿಯಾಗಿ ಅತಿ ವೇಗಕ್ಕೆ ಏರುವುದೂ ಅದೇ. ಒಳ್ಳೆಯ ಕೋರ್‌ಗೆ ಕಾರ್ಖಾನೆಯಲ್ಲೇ ಬಿಗಿಯಾಗಿ ವೋಲ್ಟೇಜ್ ಕೊಟ್ಟಿರುತ್ತಾರೆ, ಇನ್ನೂ ಇಳಿಸಲು ಜಾಗ ಕಡಿಮೆ. ಅದಕ್ಕೆ ಮೈನಸ್ 10, ಉಳಿದವಕ್ಕೆ ಮೈನಸ್ 25 ಇಟ್ಟೆ. ಒಂದು ವರ್ಷ ಆಯಿತು.

ಅದಕ್ಕೇ ಹೇಳೋದು, ಬರೀ ಫುಲ್ ಲೋಡ್ ಟೆಸ್ಟ್ ನಂಬಬೇಡಿ.

ಯಾದಗಿರಿ_ಗುಡ್ಡ

ಅಕ್ಕ, ಈ ಎಪಿಐಸಿ ಐಡಿ ವಿಷಯ ನನಗೆ ಗೊತ್ತೇ ಇರಲಿಲ್ಲ. ಈಗ ನೋಡಿದೆ, ನನ್ನ ಲಾಗ್‌ನಲ್ಲಿ ನಾಲ್ಕು ಸಲ ಬಂದಿದೆ, ನಾಲ್ಕೂ ಸಲ ಐಡಿ 0. ತುಂಬಾ ಥ್ಯಾಂಕ್ಸ್.

ಜೇವರ್ಗಿ_ರೋಡ್

ಸರಿ, ವೋಲ್ಟೇಜ್ ಏರಿಸೋದು ಬೇಡ ಅಂದರೆ ಎಲ್‌ಎಲ್‌ಸಿ ಮ್ಯಾಕ್ಸ್ ಮಾಡಿ. ಕುಸಿತವೇ ಇರಲ್ಲ.

ಸೇಡಂ_ಸಿಲಿಕಾನ್

ಅದೂ ಅದೇ ಲೆಕ್ಕಕ್ಕೆ ಬರುತ್ತದೆ. ಲೋಡ್‌ನಲ್ಲಿ 1.32 ಸಿಕ್ಕರೆ 99 ಡಿಗ್ರಿ. ಇನ್ನೊಂದು ಅಪಾಯವೂ ಇದೆ. ಲೋಡ್‌ನಲ್ಲಿ ವೋಲ್ಟೇಜ್ ಕುಸಿಯುವುದು ಬೋರ್ಡ್‌ನ ದೋಷ ಅಲ್ಲ, ಬೇಕಂತಲೇ ಹಾಗೆ ಮಾಡಿರುತ್ತಾರೆ. ರೆಂಡರ್ ಮುಗಿದು ಲೋಡ್ ಪಟ್ ಅಂತ ಬಿಟ್ಟಾಗ ವೋಲ್ಟೇಜ್ ಒಂದು ಕ್ಷಣ ಮೇಲಕ್ಕೆ ಚಿಮ್ಮುತ್ತದೆ. ಆ ಚಿಮ್ಮುವಿಕೆಗೆ ಜಾಗ ಇರಲಿ ಅಂತ ಕುಸಿತ ಇಟ್ಟಿರೋದು. ಎಲ್‌ಎಲ್‌ಸಿ ಪೂರ್ತಿ ಬಿಗಿ ಮಾಡಿದರೆ ಆ ಜಾಗ ಇಲ್ಲ. ಹೆಚ್‌ಡಬ್ಲ್ಯುಇನ್ಫೋ ಅದನ್ನು ತೋರಿಸುವುದೂ ಇಲ್ಲ. ಅದು ಮಾಮೂಲಿಯಾಗಿ ಎರಡು ಸೆಕೆಂಡಿಗೊಮ್ಮೆ ಓದುತ್ತದೆ, ಈ ಚಿಮ್ಮು ಮೈಕ್ರೋಸೆಕೆಂಡ್‌ಗಳಲ್ಲಿ ಬಂದು ಹೋಗುತ್ತದೆ.

ಮಧ್ಯದ ಮಟ್ಟ ಇಡಿ. ನಂಬರ್ ನೋಡಿ ಮೋಸ ಹೋಗಬೇಡಿ. ಎಸುಸ್‌ನಲ್ಲಿ ನಂಬರ್ ದೊಡ್ಡದಾದಷ್ಟೂ ಬಿಗಿ. ಎಂಎಸ್‌ಐ, ಎಸ್‌ರಾಕ್‌ನಲ್ಲಿ ಉಲ್ಟಾ, 1 ಅಂದರೆ ಅತಿ ಬಿಗಿ.

ಅಫಜಲಪುರ_07

ಎವಿಎಕ್ಸ್ ಆಫ್‌ಸೆಟ್ (ಎವಿಎಕ್ಸ್ ಅನ್ನೋ ಭಾರದ ಲೆಕ್ಕ ಬಂದಾಗ ಮಾತ್ರ ವೇಗ ಇಳಿಸುವ ಸೆಟ್ಟಿಂಗ್) 2 ಹಾಕಿದರೆ? ಮಾಮೂಲಿ ಕೆಲಸಕ್ಕೆ 4.9, ರೆಂಡರ್‌ಗೆ 4.7.

ಬೀದರ್_ಬಿದರಿ

ಅಣ್ಣನದು ಫಿಕ್ಸ್ ವೋಲ್ಟೇಜ್. ವೇಗ 4.7ಕ್ಕೆ ಇಳಿದರೂ ವೋಲ್ಟೇಜ್ 4.9ರದ್ದೇ ಇರುತ್ತದೆ. ವೇಗ ಕಳೆದುಕೊಂಡೆವು, ಬಿಸಿ ಮಾತ್ರ ಹೆಚ್ಚೇನೂ ಇಳಿಯಲಿಲ್ಲ. ವಿಡಿಯೋ ಫೈಲ್ ಮಾಡುವ ಎನ್‌ಕೋಡರ್‌ಗಳಾದ ಎಕ್ಸ್264, ಎಕ್ಸ್265 ಎರಡೂ ಎವಿಎಕ್ಸ್2 ಬಳಸುತ್ತವೆ. ಅವರ ಸಂಪಾದನೆಯ ಕೆಲಸವೇ ಅದು. ಅದಕ್ಕೆ ತಕ್ಕ ವೇಗ, ಅದಕ್ಕೆ ತಕ್ಕ ವೋಲ್ಟೇಜ್ ಹುಡುಕಬೇಕು.

ಕಲಬುರಗಿ_ಎಡಿಟರ್ · ಮಂಗಳವಾರ ರಾತ್ರಿ

ಎಕ್ಸ್‌ಎಂಪಿ ಆಫ್ ಮಾಡಿ ಹಾಕಿದೆ. ಒಂದು ಗಂಟೆ ಐದು ನಿಮಿಷಕ್ಕೆ ಬಿತ್ತು. ಅದೇ ವಾಚ್‌ಡಾಗ್. ರ‍್ಯಾಮ್ ಕಾರಣ ಅಲ್ಲ ಅಂತಾಯಿತು.

ನಿಜ ಹೇಳಬೇಕೆಂದರೆ 4.9 ಬಿಡಲು ಮನಸ್ಸು ಬರ್ತಿಲ್ಲ. ಮೂರು ತಿಂಗಳು ಓಡಿದೆ.

ಹುಮನಾಬಾದ್_ಮೇಷ್ಟ್ರು

4.9ರಿಂದ 4.7ಕ್ಕೆ ಬಂದರೆ ಮೂರು ಗಂಟೆಯ ರೆಂಡರ್ ಹೆಚ್ಚೆಂದರೆ ಎಂಟು ನಿಮಿಷ ತಡ ಆಗುತ್ತದೆ. 83%ಕ್ಕೆ ಬಿದ್ದರೆ ಎರಡೂವರೆ ಗಂಟೆ ಹೋಯಿತು. ಈ ಚಿಪ್ ಬಂದ ಹಾಗೆ ಬಿಟ್ಟರೆ ಎಲ್ಲ ಕೋರ್ ಒಟ್ಟಿಗೆ 4.1ರಲ್ಲಿ ಓಡುತ್ತದೆ. 4.7 ಅಂದರೂ ಅದಕ್ಕಿಂತ 600 ಮೆಗಾಹರ್ಟ್ಜ್ ಮೇಲೆ. ಕಡಿಮೆ ಏನಲ್ಲ.

ಶಹಾಬಾದ್_ಕಲ್ಲು

ಯಾರೂ ಧೂಳಿನ ಬಗ್ಗೆ ಕೇಳಲಿಲ್ಲ! ನಮ್ಮ ಮನೆ ಪಕ್ಕ ದಾಲ್ ಮಿಲ್ ಇದೆ. ಕಳೆದ ವರ್ಷ ಟವರ್ ಕೂಲರ್‌ನ ಫ್ಯಾನ್ ಬಿಚ್ಚಿ ನೋಡಿದೆ. ರೆಕ್ಕೆಗಳ ನಡುವೆ ತೊಗರಿ ಹೊಟ್ಟಿನ ಧೂಳು ಕಂಬಳಿಯಂತೆ ಒಂದೇ ಪದರ ಆಗಿ ಕೂತಿತ್ತು. ಬೆರಳ ತುದಿಯಿಂದ ಎತ್ತಿದರೆ ಹಾಳೆಯಂತೆ ಎದ್ದು ಬಂತು, ಮೇಲೆ ರೆಕ್ಕೆಗಳ ಗೆರೆ ಸಮೇತ. ಮುಂದಿನಿಂದ ನೋಡಿದರೆ ಏನೂ ಕಾಣುತ್ತಿರಲಿಲ್ಲ, ಫ್ಯಾನ್ ಅಡ್ಡ ಇರುತ್ತದಲ್ಲ. ಸೀರೆಗೆ ಇಸ್ತ್ರಿ ಮಾಡುವ ಮೊದಲು ಕೊಡವುತ್ತೇವಲ್ಲ, ಹಾಗೆ ಕೊಡವಿದರೆ ಹೋಗಲ್ಲ. ಬ್ರಷ್, ಆಮೇಲೆ ಬ್ಲೋವರ್. ಫ್ಯಾನ್‌ನ ರೆಕ್ಕೆ ಬೆರಳಲ್ಲಿ ಹಿಡಿದುಕೊಂಡೇ ಗಾಳಿ ಬಿಡಿ, ಇಲ್ಲದಿದ್ದರೆ ಹುಚ್ಚಾಪಟ್ಟೆ ತಿರುಗಿ ಬೇರಿಂಗ್ ಹಾಳಾಗುತ್ತದೆ. ನನಗೆ ಆರು ಡಿಗ್ರಿ ಇಳಿಯಿತು, ಒಂದು ರೂಪಾಯಿ ಖರ್ಚಿಲ್ಲದೆ.

ತೊಗರಿ_ಹೊಲ

ರೂಮಿನ ಕೂಲರನ್ನೇ ಮಷೀನ್ ಕಡೆ ತಿರುಗಿಸಿದರೆ ಆಗಲ್ವಾ? ನೀರಿನ ಕೂಲರ್.

ಅಫಜಲಪುರ_07

ಬೇಡ ಬೇಡ, ತೇವ ಹಿಡಿದು ಶಾರ್ಟ್ ಆಗುತ್ತದೆ.

ಬೀದರ್_ಬಿದರಿ

ತೇವದ ಗಾಳಿ ತಣ್ಣಗಿರುವ ವಸ್ತುವಿನ ಮೇಲೆ ಮಾತ್ರ ಹನಿಗಟ್ಟುತ್ತದೆ. ಓಡುತ್ತಿರುವ ಮಷೀನ್‌ನ ಒಳಗಿನ ಭಾಗಗಳು ಗಾಳಿಗಿಂತ ಬಿಸಿ ಇರುತ್ತವೆ, ಅಲ್ಲಿ ಹನಿಗಟ್ಟಲ್ಲ. ಕಲಬುರಗಿಯ ಒಣ ಬಿಸಿಲಲ್ಲಿ ಒಳ್ಳೆಯ ಹುಲ್ಲಿನ ಪ್ಯಾಡ್ ಇದ್ದರೆ ಗಾಳಿ ಹತ್ತು ಡಿಗ್ರಿವರೆಗೂ ಇಳಿಯುತ್ತದೆ. ಆದರೆ ನೇರ ಎದುರಿಗೆ ಇಡಬೇಡಿ. ಪ್ಯಾಡಿನಿಂದ ಸಣ್ಣ ಹನಿ ಹಾರುತ್ತದೆ. ನಮ್ಮ ಬೋರ್‌ವೆಲ್ ನೀರಿನ ಉಪ್ಪು ಬಿಳಿ ಪುಡಿಯಂತೆ ಬೋರ್ಡ್ ಮೇಲೆ ಕೂರುತ್ತದೆ. ರೂಮಿಗೆ ಬಿಡಿ, ಕಿಟಕಿ ಒಂದು ತೆರೆದಿಡಿ. ರೂಮ್ ತಣ್ಣಗಾದರೆ ಮಷೀನೂ ತಣ್ಣಗಾಗುತ್ತದೆ.

ನಮ್ಮ ಬೀದರ್ ಎತ್ತರದಲ್ಲಿದೆ, ನಿಮಗಿಂತ ಎರಡು ಮೂರು ಡಿಗ್ರಿ ಕಡಿಮೆ. ಆದರೂ ಮೇ ತಿಂಗಳಲ್ಲಿ ನಾನು 100 ಮೆಗಾಹರ್ಟ್ಜ್ ಇಳಿಸುತ್ತೇನೆ. ಬಯೋಸ್‌ನಲ್ಲಿ ಎರಡು ಪ್ರೊಫೈಲ್ ಸೇವ್ ಮಾಡಿದ್ದೇನೆ, ಒಂದರ ಹೆಸರು "ಬೇಸಿಗೆ".

ಯಾದಗಿರಿ_ಗುಡ್ಡ

ಮಧ್ಯೆ ಬಾಯಿ ಹಾಕಿದೆ, ಕ್ಷಮಿಸಿ. ತಮ್ಮನಿಗೆ ಸೆಕೆಂಡ್ ಹ್ಯಾಂಡ್ ಇಂಟೆಲ್ 13700ಕೆ ಚಿಪ್ ಸಿಗ್ತಿದೆ. ಅದಕ್ಕೂ ಇದೇ ರೀತಿ ಮಾಡಬಹುದಾ?

ಸೇಡಂ_ಸಿಲಿಕಾನ್

ಅದನ್ನು ಮುಟ್ಟುವ ಮೊದಲು ಬಯೋಸ್ ಅಪ್‌ಡೇಟ್. 13, 14ನೇ ತಲೆಮಾರಿನ ಎಷ್ಟೋ ಡೆಸ್ಕ್‌ಟಾಪ್ ಚಿಪ್‌ಗಳು ಅತಿಯಾದ ವೋಲ್ಟೇಜ್ ಕೇಳಿ ತಾವೇ ಸವೆದವು. 2024ರ ಆಗಸ್ಟ್‌ನಲ್ಲಿ ಇಂಟೆಲ್ 0x129 ಮೈಕ್ರೋಕೋಡ್ (ಬಯೋಸ್ ಜೊತೆ ಬರುವ, ಚಿಪ್‌ನ ಒಳಗಿನ ಪ್ರೋಗ್ರಾಂ) ಬಿಟ್ಟು, ಚಿಪ್ ಕೇಳುವ ವೋಲ್ಟೇಜ್ 1.55 ದಾಟದಂತೆ ತಡೆಯಿತು. ಆಮೇಲೆ 0x12ಬಿ ಬಂತು. ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿದರು. ಆದರೆ ಈಗಾಗಲೇ ಸವೆದ ಚಿಪ್ ಅಪ್‌ಡೇಟ್‌ನಿಂದ ಸರಿ ಹೋಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಅಂದರೆ ಹಿಂದಿನವರು ಹೇಗೆ ಓಡಿಸಿದ್ದರು ಅಂತ ಗೊತ್ತಾಗಲ್ಲ. ಬಿಲ್ ಇಲ್ಲದಿದ್ದರೆ ನಾನಾಗಿದ್ದರೆ ತಗೊಳ್ಳುತ್ತಿರಲಿಲ್ಲ.

ಜೇವರ್ಗಿ_ರೋಡ್

ಇದನ್ನು ಓದಿ ಒಂದು ವಿಷಯ ಹೇಳಬೇಕು ಅನಿಸಿತು. ನಾನು 1.38 ಅಂದೆನಲ್ಲ, ಆ ಚಿಪ್ ಎರಡು ವರ್ಷಕ್ಕೆ 5.0 ಬಿಟ್ಟಿತು. 1.40 ಕೇಳಿತು, ಆಮೇಲೆ 4.8ಕ್ಕೆ ಇಳಿಸಿದೆ, ಆಮೇಲೆ ಮಾರಿದೆ. ವಯಸ್ಸಾಯಿತು ಅಂದುಕೊಂಡಿದ್ದೆ. ಬಿಸಿ, ವೋಲ್ಟೇಜ್ ಎರಡೂ ಸೇರಿ ಸವೆದಿತ್ತು ಅಂತ ಈಗ ಅನಿಸುತ್ತಿದೆ. ಎಡಿಟರ್, ನನ್ನ ಮೊದಲ ಮಾತು ಕೇಳಬೇಡ.

ಸೇಡಂ_ಸಿಲಿಕಾನ್

ಹೇಳಿದ್ದು ಒಳ್ಳೆಯದಾಯಿತು ಅಣ್ಣ. ಇಂಥ ಅನುಭವ ಯಾರೂ ಬರೆಯಲ್ಲ, 5.0ರ ಸ್ಕ್ರೀನ್‌ಶಾಟ್ ಮಾತ್ರ ಹಾಕುತ್ತಾರೆ.

ಎಡಿಟರ್ ಅವರೇ, ಹೀಗೆ ಮಾಡಿ. 4.7 ಇಡಿ. ಎಲ್‌ಎಲ್‌ಸಿ ಮಧ್ಯದ ಮಟ್ಟ. ಫಿಕ್ಸ್ ವೋಲ್ಟೇಜ್ ಬದಲು ಅಡಾಪ್ಟಿವ್, ಆಗ ಖಾಲಿ ಕೂತಾಗ 800 ಮೆಗಾಹರ್ಟ್ಜ್‌ಗೂ ಕಡಿಮೆ ವೋಲ್ಟೇಜ್‌ಗೂ ತಾನೇ ಇಳಿಯುತ್ತದೆ. 1.22ರಿಂದ ಶುರು ಮಾಡಿ. ಮಧ್ಯಾಹ್ನ ಎರಡರಿಂದ ಐದರ ಒಳಗೆ ಟೆಸ್ಟ್ ಹಾಕಿ, ರೂಮಿನ ಕೂಲರ್ ಆಫ್ ಮಾಡಿ. ಬಿದ್ದರೆ ಅಥವಾ ಎರರ್ ಬಂದರೆ 10-15 ಮಿಲಿವೋಲ್ಟ್ ಏರಿಸಿ ಮತ್ತೆ ಹಾಕಿ. ಪಾಸ್ ಆದ ಮೇಲೆ ಇನ್ನೊಂದು 10 ಸೇರಿಸಿ ಬಿಟ್ಟುಬಿಡಿ.

ಕಲಬುರಗಿ_ಎಡಿಟರ್ · ಶುಕ್ರವಾರ ಸಂಜೆ

ಮೂರು ದಿನದ ವರದಿ.

ಮೊದಲು ಕೂಲರ್ ಬಿಚ್ಚಿದೆ. ಶಹಾಬಾದ್ ಅವರು ಹೇಳಿದ ಹಾಗೇ ಎರಡು ಟವರ್‌ಗಳ ನಡುವೆ ಧೂಳಿನ ಪಟ್ಟಿ. ಎಂಟು ವರ್ಷದ ಹತ್ತಿರ ಆಯಿತು, ಒಂದು ಸಲವೂ ಮಧ್ಯದ ಫ್ಯಾನ್ ತೆಗೆದಿರಲಿಲ್ಲ. ಪೇಸ್ಟ್ ಒಣಗಿ ಸುಣ್ಣದ ಚಕ್ಕೆಯಂತಾಗಿತ್ತು, ಅದನ್ನೂ ಬದಲಿಸಿದೆ.

ಬುಧವಾರ ಮಧ್ಯಾಹ್ನ, ರೂಮ್ 38. 4.7, ಬಯೋಸ್‌ನಲ್ಲಿ 1.220, ಲೋಡ್‌ನಲ್ಲಿ 1.184. ಒಸಿಸಿಟಿ ಅನ್ನೋ ಸ್ಟ್ರೆಸ್ ಟೆಸ್ಟ್‌ನಲ್ಲಿ 40 ನಿಮಿಷಕ್ಕೆ ಎರರ್ ಬಂತು, ಕೋರ್ 3. ನೀಲಿ ಸ್ಕ್ರೀನ್ ಬರಲಿಲ್ಲ, ಬರೀ ಎರರ್. ಟೆಸ್ಟ್ ನೋಡುತ್ತಾ ಕೂರದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. 1.235ಕ್ಕೆ ಏರಿಸಿದೆ, ಎರಡು ಗಂಟೆ ಪಾಸ್. ಗುರುವಾರ ಅದರ ಮೇಲೆ 10 ಮಿಲಿವೋಲ್ಟ್ ಸೇರಿಸಿ 1.245 ಮಾಡಿದೆ. ಈಗ ಲೋಡ್‌ನಲ್ಲಿ 1.208, ಅತಿ ಹೆಚ್ಚು 84 ಡಿಗ್ರಿ. ರೂಮ್ ಬಿಸಿ ಜಾಸ್ತಿ, ಚಿಪ್ ಮಾತ್ರ ಹತ್ತು ಡಿಗ್ರಿ ಕಡಿಮೆ. ಫ್ಯಾನ್ ಸದ್ದೂ ಇಳಿದಿದೆ. ಅಮ್ಮ ಬಂದು "ಇವತ್ತು ಮಷೀನ್ ಹಚ್ಚಿಲ್ವಾ" ಅಂತ ಕೇಳಿದರು.

ಎಕ್ಸ್‌ಎಂಪಿ ಮತ್ತೆ ಆನ್ ಮಾಡಿದ್ದೇನೆ, ಎಸ್‌ಎ ಕೈಯಾರೆ 1.12.

ಆಳಂದ_ಅಕ್ಕ

ಖಾಲಿ ಬಿಟ್ಟು ನೋಡಿದ್ರಾ? ಸ್ಲೀಪ್‌ಗೆ ಹಾಕಿ ಎಬ್ಬಿಸಿ ನೋಡಿದ್ರಾ?

ಕಲಬುರಗಿ_ಎಡಿಟರ್

ರಾತ್ರಿಯಿಡೀ ಖಾಲಿ ಬಿಟ್ಟಿದ್ದೆ, ಸ್ಲೀಪ್ ಐದು ಸಲ. ಡಬ್ಲ್ಯುಹೆಚ್‌ಇಎ ಲಾಗ್ ಖಾಲಿ ಇದೆ ಅಕ್ಕ. ಈಗ ನಿಜವಾದ ಕೆಲಸ ಹಾಕಿದ್ದೇನೆ. ಸೇಡಂನ ಮದುವೆ, ಎರಡು ಗಂಟೆ ಹತ್ತು ನಿಮಿಷದ ಫೈಲ್. 61% ಆಗಿದೆ.

ಹುಮನಾಬಾದ್_ಮೇಷ್ಟ್ರು

83 ದಾಟಿದ ಮೇಲೆ ಹೇಳಿ.

ಕಲಬುರಗಿ_ಎಡಿಟರ್ · ಶುಕ್ರವಾರ ರಾತ್ರಿ 9:15

ಮುಗಿಯಿತು ಮೇಷ್ಟ್ರೇ. ಪೆನ್‌ಡ್ರೈವ್‌ಗೆ ಕಾಪಿ ಆಗ್ತಿದೆ.